ಕೆಂಪು ರಕ್ತಕಣದ ಕಿಣ್ವಗಳು, ಜಿ6ಪಿಡಿ ಕೊರತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜಿ6ಪಿಡಿ ಕೆಂಪು ರಕ್ತಕಣದೊಳಗಿನ ಒಂದು ಕಿಣ್ವ, ಅಂದರೆ ಎಂಜೈಮ್. ಈ ಹೆಸರನ್ನು ಹೆಚ್ಚಿನವರು ಮೊದಲ ಸಲ ನೋಡುವುದು ಹಸುಗೂಸಿನ ರಿಪೋರ್ಟ್‌ನಲ್ಲಿ. ಇಲ್ಲವೇ ಮಲೇರಿಯಾ ಮಾತ್ರೆ ಬರೆಯುವ ಮುನ್ನ ಡಾಕ್ಟರ್ ಅದರ ಬಗ್ಗೆ ಕೇಳಿದಾಗ. ಆಮೇಲೆ ಮೊಬೈಲ್ ತೆಗೆದು ಹುಡುಕಿದರೆ ಉದ್ದುದ್ದ ಪಟ್ಟಿಗಳು: ಅದು ತಿನ್ನಬೇಡಿ, ಇದು ಮುಟ್ಟಬೇಡಿ. ಆ ಪಟ್ಟಿಗಳಲ್ಲಿ ಅರ್ಧ ನಿಜ, ಅರ್ಧ ಸುಮ್ನೆ ಹೆದರಿಕೆ. ಯಾವುದು ಯಾವುದು, ಯಾಕೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳಿದ್ದೇನೆ.

ಕೆಂಪು ರಕ್ತಕಣ ಅಂದರೆ ಹಿಮೋಗ್ಲೋಬಿನ್ ತುಂಬಿದ ಚೀಲ ಅಲ್ವಾ? ಅದಕ್ಕೆ ಕಿಣ್ವ ಯಾಕೆ?

ಚೀಲವೇ, ಆದರೆ ಜೀವ ಇರುವ ಚೀಲ. ಸುಮಾರು 120 ದಿನ ಅದು ಮೈಯೆಲ್ಲ ಸುತ್ತಬೇಕು. ತನ್ನ ಅಗಲಕ್ಕಿಂತ ಸಣ್ಣ ರಕ್ತನಾಳಗಳಲ್ಲಿ ಮುದುಡಿಕೊಂಡು ನುಗ್ಗಬೇಕು, ಮತ್ತೆ ಆಕಾರಕ್ಕೆ ಬರಬೇಕು. ಇದಕ್ಕೆಲ್ಲ ಶಕ್ತಿ ಬೇಕು. ಅದರಲ್ಲಿ ಮೈಟೊಕಾಂಡ್ರಿಯಾ ಇಲ್ಲ. ಹಾಗಾಗಿ ಮೈಗೆಲ್ಲ ಆಕ್ಸಿಜನ್ ಹಂಚುವ ಈ ಕಣ ತಾನು ಮಾತ್ರ ಆಕ್ಸಿಜನ್ ಬಳಸಿ ಶಕ್ತಿ ಮಾಡಿಕೊಳ್ಳಲಾರದು. ಸಕ್ಕರೆಯನ್ನು ಒಡೆದೇ ಬದುಕಬೇಕು, ಆ ಕೆಲಸ ಮಾಡುವುದು ಕಿಣ್ವಗಳು.

ಅದರಲ್ಲಿ ನ್ಯೂಕ್ಲಿಯಸ್ ಕೂಡ ಇಲ್ಲ. ಅಂದರೆ ಕಿಣ್ವ ಸವೆದರೆ ಹೊಸದು ಮಾಡಿಕೊಳ್ಳಲು ಆಗುವುದಿಲ್ಲ. ಮೂಳೆಮಜ್ಜೆಯಿಂದ ಹೊರಟ ಮೊದಲ ಒಂದೆರಡು ದಿನ ಉಳಿದ ಸಾಮಾನಿನಲ್ಲಿ ಒಂದಿಷ್ಟು ಮಾಡಿಕೊಳ್ಳುತ್ತದೆ, ಅಷ್ಟೇ. ಆಮೇಲೆ ಕಟ್ಟಿಕೊಂಡು ಬಂದ ಬುತ್ತಿಯಲ್ಲೇ ನಾಲ್ಕು ತಿಂಗಳು ದೂಡಬೇಕು. ಕಣಕ್ಕೆ ವಯಸ್ಸಾದಂತೆ ಬುತ್ತಿ ಖಾಲಿಯಾಗುತ್ತಾ ಬರುತ್ತದೆ. ಈ ಒಂದು ವಿಷಯ ತಲೆಯಲ್ಲಿರಲಿ. ಟೆಸ್ಟ್ ಯಾಕೆ ಕೆಲವೊಮ್ಮೆ ಸುಳ್ಳು ಹೇಳುತ್ತದೆ, ಮಾತ್ರೆ ತಿಂದಾಗ ಯಾವ ಕಣ ಮೊದಲು ಒಡೆಯುತ್ತದೆ, ಎಲ್ಲದಕ್ಕೂ ಉತ್ತರ ಇಲ್ಲೇ ಇದೆ.

ಜಿ6ಪಿಡಿ ಅನ್ನುವ ಕಿಣ್ವ ಮಾಡುವುದೇನು?

ಪೂರ್ತಿ ಹೆಸರು ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್. ರಕ್ತಕಣಕ್ಕೆ ಸಿಗುವ ಸಕ್ಕರೆಯಲ್ಲಿ ಸುಮಾರು 90 ಭಾಗ ಶಕ್ತಿಗೆ ಹೋಗುತ್ತದೆ. ಉಳಿದ ಸುಮಾರು 10 ಭಾಗ ಬೇರೆ ದಾರಿ ಹಿಡಿಯುತ್ತದೆ. ಆ ದಾರಿಯ ಮೊದಲ ಮೆಟ್ಟಿಲೇ ಜಿ6ಪಿಡಿ. ಅಲ್ಲಿ ಎನ್‌ಎಡಿಪಿಎಚ್ ಅನ್ನುವ ಪದಾರ್ಥ ತಯಾರಾಗುತ್ತದೆ. ಅದು ಗ್ಲುಟಾಥಯೋನ್ ಅನ್ನು ಸರಿಯಾದ ಸ್ಥಿತಿಯಲ್ಲಿ ಇಡುತ್ತದೆ. ಕೆಲವು ಮಾತ್ರೆ, ಕೆಲವು ಸೋಂಕು ರಕ್ತಕಣದೊಳಗೆ ಪೆರಾಕ್ಸೈಡ್‌ನಂಥ ಸುಡುವ ವಸ್ತುಗಳನ್ನು ಹುಟ್ಟಿಸುತ್ತವೆ. ಅವನ್ನು ತಣಿಸುವುದು ಈ ಗ್ಲುಟಾಥಯೋನ್. ಬೇರೆ ಜೀವಕೋಶಗಳಿಗೆ ಎನ್‌ಎಡಿಪಿಎಚ್ ಮಾಡಿಕೊಳ್ಳಲು ಇನ್ನೂ ದಾರಿಗಳಿವೆ. ಕೆಂಪು ರಕ್ತಕಣಕ್ಕೆ ಇದೊಂದೇ.

ಜಿ6ಪಿಡಿ ಕಡಿಮೆ ಇದ್ದು, ಮೇಲೆ ಸುಡುವ ವಸ್ತುವೂ ಬಂತು ಅಂದುಕೊಳ್ಳಿ. ಹಿಮೋಗ್ಲೋಬಿನ್ ಹಾಳಾಗಿ ಗಂಟುಗಟ್ಟುತ್ತದೆ, ಪೊರೆ ಬಿಗಿಯಾಗುತ್ತದೆ, ಕಣ ಒಡೆಯುತ್ತದೆ. ಇದೇ ಹೀಮೋಲಿಸಿಸ್.

ಇದನ್ನು ಕಂಡುಹಿಡಿದದ್ದು ಹೇಗೆ?

ಒಂದು ಮಲೇರಿಯಾ ಮಾತ್ರೆಯಿಂದ. 1920ರ ದಶಕದಲ್ಲಿ ಪಾಮಾಕ್ವಿನ್ ಎಂಬ ಔಷಧಿ ಬಂದಾಗಲೇ ಕೆಲವರಿಗೆ ಅದನ್ನು ಕೊಟ್ಟರೆ ರಕ್ತ ಒಡೆದು ಮೂತ್ರ ಕಪ್ಪಾಗುವುದು ಕಂಡಿತ್ತು. ಯಾಕೆ ಅಂತ ಮಾತ್ರ ಗೊತ್ತಿರಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯಕ್ಕೆ ಮಲೇರಿಯಾ ದೊಡ್ಡ ತಲೆನೋವು. ಷಿಕಾಗೋ ವಿಶ್ವವಿದ್ಯಾಲಯದ ಆಲ್ಫ್ ಆಲ್ವಿಂಗ್ ಅವರ ತಂಡ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಜೈಲಿನಲ್ಲಿ ಕೈದಿಗಳ ಮೇಲೆ ಹೊಸ ಔಷಧಿಗಳನ್ನು ಪ್ರಯೋಗಿಸುತ್ತಿತ್ತು. ಪಾಮಾಕ್ವಿನ್‌ನ ಸಂಬಂಧಿಯಾದ ಪ್ರೈಮಾಕ್ವಿನ್ ಅಲ್ಲಿ ಪರೀಕ್ಷೆಯಾಯಿತು. ದಿನಕ್ಕೆ 30 ಮಿಲಿಗ್ರಾಂ ಕೊಟ್ಟಾಗ ಕಪ್ಪು ಕೈದಿಗಳಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ರಕ್ತ ಒಡೆಯಿತು.

ತಪ್ಪು ದೇಹದಲ್ಲೋ ಕಣದಲ್ಲೋ? ಇದನ್ನು ತಿಳಿಯಲು 1954ರಲ್ಲಿ ಪ್ರಕಟವಾದ ಪ್ರಯೋಗ ಇವತ್ತು ಓದಿದರೂ ಸೊಗಸಾಗಿದೆ. ಮಾತ್ರೆ ಆಗದವನ ರಕ್ತಕಣಗಳಿಗೆ ವಿಕಿರಣ ಸೂಸುವ ಕ್ರೋಮಿಯಂ ಗುರುತು ಹಚ್ಚಿ, ಮಾತ್ರೆ ಆಗುವವನ ಮೈಗೆ ಏರಿಸಿದರು. ಅವನಿಗೆ ಪ್ರೈಮಾಕ್ವಿನ್ ಕೊಟ್ಟರು. ಗುರುತಿನ ಕಣಗಳು ಮಾತ್ರ ಒಡೆದವು. ತಿರುಗಿಸಿ, ಆರೋಗ್ಯವಂತನ ಕಣಗಳನ್ನು ಮಾತ್ರೆ ಆಗದವನಿಗೆ ಏರಿಸಿದರು. ಅವು ಗಟ್ಟಿಯಾಗಿ ಉಳಿದವು. ಅಂದರೆ ತಪ್ಪು ಇರುವುದು ಕಣದ ಒಳಗೇ.

ಆಮೇಲೆ ಇನ್ನೊಂದು ವಿಚಿತ್ರ ಕಂಡಿತು. ಮಾತ್ರೆ ನಿಲ್ಲಿಸದಿದ್ದರೂ ಸ್ವಲ್ಪ ದಿನಕ್ಕೆ ರಕ್ತ ಒಡೆಯುವುದು ತಾನಾಗಿ ನಿಲ್ಲುತ್ತಿತ್ತು! ಆ ತಂಡದಲ್ಲಿದ್ದ ಯುವ ವೈದ್ಯ ಅರ್ನೆಸ್ಟ್ ಬ್ಯೂಟ್ಲರ್ ಮತ್ತು ಜೊತೆಗಾರರು ಕಣಗಳ ವಯಸ್ಸನ್ನು ಗುರುತು ಹಾಕಿ ನೋಡಿದರು. ಒಡೆಯುತ್ತಿದ್ದದ್ದು ವಯಸ್ಸಾದ ಕಣಗಳು. ಅವು ಹೋದ ಮೇಲೆ ಮಜ್ಜೆ ಹೊಸ ಕಣಗಳನ್ನು ಕಳಿಸುತ್ತದೆ, ಅವುಗಳಲ್ಲಿ ಕಿಣ್ವ ಜಾಸ್ತಿ, ಅದೇ ಪ್ರಮಾಣದ ಮಾತ್ರೆಯನ್ನು ತಡೆದುಕೊಳ್ಳುತ್ತವೆ. ಕೊನೆಗೆ 1956ರಲ್ಲಿ ಪಾಲ್ ಕಾರ್ಸನ್ ಮತ್ತು ಸಂಗಡಿಗರು ಕಡಿಮೆ ಇರುವುದು ಜಿ6ಪಿಡಿ ಅಂತ ತೋರಿಸಿದರು. ಒಂದು ಔಷಧಿ ಒಬ್ಬರಿಗೆ ಅಮೃತ, ಇನ್ನೊಬ್ಬರಿಗೆ ವಿಷ ಆಗುವುದಕ್ಕೆ ವಂಶವಾಹಿ ಕಾರಣ ಅನ್ನುವ ಅಧ್ಯಯನಕ್ಕೆ ಇದೇ ಮೊದಮೊದಲ ಗಟ್ಟಿ ಉದಾಹರಣೆಯಾಯಿತು.

ಕೈದಿಗಳ ಮೇಲೆ ಪ್ರಯೋಗ? ಅದು ಸರಿನಾ?

ಅವರು ಒಪ್ಪಿ ಸಹಿ ಹಾಕಿದ್ದರು ಅನ್ನುವುದು ನಿಜ. ಜೈಲಿನ ಗೋಡೆಯೊಳಗೆ ಒಪ್ಪಿಗೆಗೆ ಎಷ್ಟು ಬೆಲೆ ಅನ್ನುವುದೂ ಅಷ್ಟೇ ನಿಜವಾದ ಪ್ರಶ್ನೆ. 1970ರ ದಶಕದಲ್ಲಿ ಅಲ್ಲಿನ ಪ್ರಯೋಗಗಳು ನಿಂತವು. ಇವತ್ತಿನ ನಿಯಮದಲ್ಲಿ ಅವಕ್ಕೆ ಅನುಮತಿ ಸಿಗುವುದಿಲ್ಲ, ಸಿಗಲೂಬಾರದು ಅನ್ನುವುದು ನನ್ನ ಅಭಿಪ್ರಾಯ. ಆ ತಿಳಿವಳಿಕೆಯ ಮೇಲೇ ನಾವೆಲ್ಲ ನಿಂತಿದ್ದೇವೆ ಅನ್ನುವುದನ್ನೂ ಮುಚ್ಚಿಡಬೇಕಿಲ್ಲ.

ಕೊರತೆ ಇದ್ದರೆ ಸದಾ ಸುಸ್ತು, ರಕ್ತಹೀನತೆ ಇರುತ್ತದಾ?

ಬಹಳಷ್ಟು ಜನರಿಗೆ ಏನೂ ಇರುವುದಿಲ್ಲ. ಜಗತ್ತಿನಲ್ಲಿ 40 ಕೋಟಿಗೂ ಹೆಚ್ಚು ಜನರಿಗೆ ಈ ಕೊರತೆ ಇದೆ ಅನ್ನುವ ಅಂದಾಜಿದೆ. ಅವರಲ್ಲಿ ಎಷ್ಟೋ ಮಂದಿ ಗೊತ್ತೇ ಆಗದೆ ಬದುಕು ಮುಗಿಸುತ್ತಾರೆ. ತೊಂದರೆ ಬರುವುದು ಏನಾದರೂ ಕೆಣಕಿದಾಗ: ಒಂದು ಔಷಧಿ, ಒಂದು ಸೋಂಕು, ಒಂದು ಜಾತಿಯ ಕಾಳು. ಕೆಣಕಿದ ಒಂದೆರಡು ದಿನದಲ್ಲಿ ಮುಖ ಬಿಳಿಚಿಕೊಳ್ಳುತ್ತದೆ, ಕಣ್ಣು ಹಳದಿಯಾಗುತ್ತದೆ, ಸೊಂಟ ಅಥವಾ ಹೊಟ್ಟೆ ನೋಯಬಹುದು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಮೂತ್ರದ ಬಣ್ಣ ಬದಲಾಯಿತು ಅಂದರೆ ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.

ಕೆಲವೇ ಕೆಲವರಲ್ಲಿ ಕಿಣ್ವ ಎಷ್ಟು ಹಾಳಾಗಿರುತ್ತದೆ ಅಂದರೆ ಕೆಣಕದಿದ್ದರೂ ಸದಾ ರಕ್ತ ಒಡೆಯುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾಡಿದ ಹೊಸ ವಿಂಗಡಣೆಯಲ್ಲಿ ಇಂಥವರಿಗೆ ‘ಎ’ ಗುಂಪು ಅಂತಲೇ ಬೇರೆ ಇದೆ.

ಯಾವ ಔಷಧಿ ಬೇಡ?

ಖಚಿತವಾಗಿ ಎಚ್ಚರ ಬೇಕಾದವು ಬೆರಳೆಣಿಕೆಯಷ್ಟು. ಮಲೇರಿಯಾದ ಪ್ರೈಮಾಕ್ವಿನ್ ಮತ್ತು ಟಾಫೆನೋಕ್ವಿನ್. ಕುಷ್ಠರೋಗಕ್ಕೂ ಕೆಲವು ಚರ್ಮರೋಗಕ್ಕೂ ಕೊಡುವ ಡ್ಯಾಪ್ಸೋನ್. ಮೂತ್ರದ ಸೋಂಕಿಗೆ ಬರೆಯುವ ನೈಟ್ರೋಫ್ಯುರಾಂಟೋಯಿನ್. ಮೆಥಿಲೀನ್ ಬ್ಲೂ ಇಂಜೆಕ್ಷನ್. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಯೂರಿಕ್ ಆಮ್ಲ ಇಳಿಸುವ ರಾಸ್‌ಬುರಿಕೇಸ್.

ಪ್ಯಾರಸಿಟಮಾಲ್ ಮಾಮೂಲಿ ಪ್ರಮಾಣದಲ್ಲಿ ನಡೆಯುತ್ತದೆ. ನಿಂಬೆಹಣ್ಣು, ನೆಲ್ಲಿಕಾಯಿಗೆ ಹೆದರಬೇಕಿಲ್ಲ. ವಿಟಮಿನ್ ಸಿ ಅಪಾಯ ಆಗುವುದು ಡ್ರಿಪ್‌ನಲ್ಲಿ ಗ್ರಾಂಗಟ್ಟಲೆ ಏರಿಸಿದಾಗ. ಜ್ವರ ಬಂದಾಗ ರಕ್ತ ಒಡೆದರೆ ಜನ ಮಾತ್ರೆಯನ್ನು ದೂರುತ್ತಾರೆ. ಎಷ್ಟೋ ಸಲ ಕಾರಣ ಜ್ವರವೇ. ಹೆಪಟೈಟಿಸ್, ಟೈಫಾಯ್ಡ್, ನ್ಯುಮೋನಿಯಾ ತಾವೇ ಹೀಮೋಲಿಸಿಸ್ ತರಬಲ್ಲವು. ಹಳೆಯ ಪಟ್ಟಿಗಳು ಅಷ್ಟು ಉದ್ದ ಆಗಿರುವುದಕ್ಕೆ ಇದೂ ಒಂದು ಕಾರಣ: ಜ್ವರದ ಜೊತೆ ಸಿಕ್ಕಿಬಿದ್ದ ಪ್ರತಿ ಮಾತ್ರೆಯೂ ಆರೋಪಿಯಾಯಿತು.

ಅವರೆಕಾಳು ತಿನ್ನಬಹುದಾ?

ಚಳಿಗಾಲ ಬಂತೆಂದರೆ ಈ ಪ್ರಶ್ನೆ ಗ್ಯಾರಂಟಿ. ತಿನ್ನಬಹುದು.

ತೊಂದರೆ ಕೊಡುವ ಕಾಳು ಫಾವಾ. ಸಸ್ಯಶಾಸ್ತ್ರದಲ್ಲಿ ಅದು ವಿಸಿಯಾ ಫಾಬಾ. ನಮ್ಮ ಅವರೆ ಲ್ಯಾಬ್‌ಲ್ಯಾಬ್ ಎಂಬ ಬೇರೆಯೇ ಕುಲದ ಬಳ್ಳಿ. ಬೆಂಗಳೂರಿನ ಮಾರುಕಟ್ಟೆಯ ಡಬಲ್ ಬೀನ್ಸ್ ಇನ್ನೂ ಬೇರೆ, ಅದು ಫೆಸಿಯೋಲಸ್ ಕುಲ. ಫಾವಾ ಕಾಳಿನಲ್ಲಿ ವೈಸಿನ್, ಕಾನ್‌ವೈಸಿನ್ ಎಂಬ ಎರಡು ಪದಾರ್ಥಗಳು ತುಂಬ ಇರುತ್ತವೆ. ಹೊಟ್ಟೆಗೆ ಹೋದ ಮೇಲೆ ಅವು ಡೈವಿಸಿನ್, ಐಸೋಯುರಾಮಿಲ್ ಆಗಿ ಒಡೆದು ರಕ್ತಕಣದ ಗ್ಲುಟಾಥಯೋನ್ ಅನ್ನು ಕಬಳಿಸುತ್ತವೆ. ಹಸಿ, ಎಳೆ ಕಾಳಿನಲ್ಲಿ ಜಾಸ್ತಿ. ಇಟಲಿಯ ಸಾರ್ಡೀನಿಯ, ಗ್ರೀಸ್, ಸೈಪ್ರಸ್, ಇರಾನ್ ಕಡೆ ವಸಂತದಲ್ಲಿ ಫಾವಾ ಸುಗ್ಗಿ ಬಂದಾಗ ಮಕ್ಕಳು, ಅದರಲ್ಲೂ ಗಂಡುಮಕ್ಕಳು, ಕಾಮಾಲೆ ಮತ್ತು ಕಪ್ಪು ಮೂತ್ರದೊಂದಿಗೆ ಆಸ್ಪತ್ರೆ ಸೇರುವುದು ಬಹಳ ಹಿಂದಿನಿಂದ ಗೊತ್ತು. ಇದಕ್ಕೆ ಫಾವಿಸಂ ಅಂತಲೇ ಹೆಸರು.

ಹಾಗಾಗಿ ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು ಬಿಡಬೇಕಿಲ್ಲ. ತೊಗರಿ, ಹೆಸರು, ಕಡಲೆ, ಅಲಸಂದೆ ಯಾವುದನ್ನೂ ಬಿಡಬೇಕಿಲ್ಲ. ‘ಎಲ್ಲ ಬಗೆಯ ಕಾಳು ನಿಲ್ಲಿಸಿ’ ಅಂತ ಬರೆದ ಕಾಗದ ಕೈಗೆ ಸಿಕ್ಕರೆ ಒಮ್ಮೆ ಪ್ರಶ್ನಿಸಿ. ಬೇಳೆಯೇ ಮುಖ್ಯ ಪ್ರೋಟೀನ್ ಆಗಿರುವ ನಮ್ಮ ಮನೆಗಳಲ್ಲಿ ಮಗುವಿನ ತಟ್ಟೆಯಿಂದ ಅದನ್ನು ತೆಗೆಯುವುದೇ ಹಾನಿ.

ಎಚ್ಚರ ಬೇಕಾದ ಜಾಗಗಳು ಬೇರೆ ಇವೆ. ಉತ್ತರ ಭಾರತದಲ್ಲಿ ಇದೇ ಫಾವಾ ಕಾಳನ್ನು ಬಾಕ್ಲಾ ಅಂತ ತಿನ್ನುತ್ತಾರೆ. ಗಲ್ಫ್‌ನಲ್ಲಿರುವ ನಮ್ಮವರು ಬೆಳಗಿನ ತಿಂಡಿಗೆ ಸಿಗುವ ‘ಫೂಲ್’ ಪಲ್ಯ ನೋಡಿರುತ್ತಾರೆ, ಅದು ಫಾವಾ. ಈಜಿಪ್ಟ್ ಶೈಲಿಯ ಫಲಾಫೆಲ್ ಕೂಡ ಫಾವಾದ್ದೇ. ಪ್ಯಾಕೆಟ್‌ನಲ್ಲಿ ಬರುವ ಹುರಿದ ಬ್ರಾಡ್ ಬೀನ್ಸ್ ಹಿಂದಿನ ಸಣ್ಣ ಅಕ್ಷರ ಓದಿ.

ಹಾಗಲಕಾಯಿ ಬೀಜದಲ್ಲೂ ವೈಸಿನ್ ಇದೆ. ಬೀಜ ತೆಗೆದು ಗೊಜ್ಜು ಮಾಡಿದರೆ ಆಯಿತು.

ನುಸಿ ಗುಳಿಗೆ ಬಗ್ಗೆ ಯಾಕೆ ಅಷ್ಟು ಹೆದರಿಸುತ್ತಾರೆ?

ಇದು ಹೆದರಬೇಕಾದ್ದೇ. ನ್ಯಾಫ್ತಲಿನ್‌ನ ನುಸಿ ಗುಳಿಗೆ ನುಂಗಿದರೆ ಮಾತ್ರವಲ್ಲ, ಅದರ ವಾಸನೆ ಹಿಡಿದ ಬಟ್ಟೆಯಿಂದಲೂ ಹಸುಗೂಸಿಗೆ ರಕ್ತ ಒಡೆದ ಉದಾಹರಣೆಗಳಿವೆ. ನಮ್ಮಲ್ಲಿ ಬಾಣಂತಿ ಮನೆಗೆ ಬಂದಾಗ ಏನಾಗುತ್ತದೆ ನೋಡಿ. ಅಜ್ಜಿ ಟ್ರಂಕ್ ತೆಗೆದು ಮೆತ್ತಗಿನ ಹಳೆ ಸೀರೆ, ಹಳೆ ಕುಲಾವಿ, ಉಣ್ಣೆ ಟೋಪಿ ಹೊರತೆಗೆಯುತ್ತಾರೆ. ವರ್ಷಗಟ್ಟಲೆ ಅದರ ಜೊತೆ ಗುಳಿಗೆ ಇದ್ದಿರುತ್ತದೆ. ಅದನ್ನೇ ಸುತ್ತಿ ಮಗುವನ್ನು ಮಲಗಿಸುತ್ತಾರೆ. ಹಸುಗೂಸಿನ ಚರ್ಮ ತೆಳು, ಎಣ್ಣೆ ಹಚ್ಚಿದ್ದರೆ ಇನ್ನೂ ಸುಲಭವಾಗಿ ಹೀರುತ್ತದೆ. ಕೊರತೆ ಇರಲಿ, ಇಲ್ಲದಿರಲಿ, ಹೆರಿಗೆಗೆ ಮುಂಚೆಯೇ ಆ ಬಟ್ಟೆ ಒಗೆದು ದಿನಗಟ್ಟಲೆ ಬಿಸಿಲಿಗೆ ಹಾಕಿ. ಗುಳಿಗೆ ಮಾತ್ರ ಮನೆಯಿಂದಲೇ ಆಚೆ.

ಮಗುವಿನ ಕೈಕಾಲಿಗೆ ಗೋರಂಟಿ ಹಚ್ಚುವುದೂ ಬೇಡ. ಅದರ ಬಣ್ಣದ ಪದಾರ್ಥವೂ ಇದೇ ಕೆಲಸ ಮಾಡುತ್ತದೆ.

ಮಲೇರಿಯಾ ಬಂದರೆ ಏನು ಮಾಡುವುದು?

ವೈವಾಕ್ಸ್ ಮಲೇರಿಯಾದ ಪರಾವಲಂಬಿ ಲಿವರ್‌ನಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಮತ್ತೆ ಏಳುತ್ತದೆ. ಮಂಗಳೂರಿನವರಿಗೆ ಇದು ಹೊಸದಲ್ಲ. ಅಡಗಿದ್ದನ್ನು ಕೊಲ್ಲಲು ಪ್ರೈಮಾಕ್ವಿನ್ ಬೇಕು, ಸಾಮಾನ್ಯವಾಗಿ 14 ದಿನ. ಜಿ6ಪಿಡಿ ಕೊರತೆ ಇದೆ ಅಂತ ಗೊತ್ತಾದರೆ ದಿನಾ ಕೊಡುವ ಈ ಕೋರ್ಸ್ ಬೇಡ. ವಾರಕ್ಕೊಮ್ಮೆಯಂತೆ 8 ವಾರ, ವೈದ್ಯರ ಕಣ್ಗಾವಲಿನಲ್ಲೇ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ವಾರದ ಅಂತರ ಯಾಕೆ ಅಂದರೆ, ಹಳೆ ಕಣ ಒಡೆದು ಹೊಸ ಕಣ ಬರಲು ಅಷ್ಟು ಸಮಯ ಸಿಗಲಿ ಅಂತ. 1954ರ ಜೈಲಿನ ಲೆಕ್ಕ ಇಲ್ಲಿ ಚಿಕಿತ್ಸೆಯಾಗಿದೆ.

ಟಾಫೆನೋಕ್ವಿನ್ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಂದೇ ಡೋಸಿನ ಔಷಧಿ. ಅನುಕೂಲವೇನೋ ಹೌದು, ಆದರೆ ಒಮ್ಮೆ ನುಂಗಿದರೆ ವಾರಗಟ್ಟಲೆ ಮೈಯಲ್ಲಿ ಇರುತ್ತದೆ. ತೊಂದರೆಯಾದರೆ ನಿಲ್ಲಿಸುವ ಅವಕಾಶವೇ ಇಲ್ಲ. ಅದಕ್ಕೇ ಕಿಣ್ವದ ಮಟ್ಟ ಅಳೆದು, ಅದು ಸಾಮಾನ್ಯ ಮಟ್ಟದ ಶೇ 70ಕ್ಕಿಂತ ಜಾಸ್ತಿ ಇದ್ದವರಿಗೆ ಮಾತ್ರ ಕೊಡುತ್ತಾರೆ.

ಟೆಸ್ಟ್ ಹೇಗೆ ಮಾಡುತ್ತಾರೆ?

ಹಳೆಯ, ಅಗ್ಗದ, ಈಗಲೂ ನಡೆಯುವ ಪರೀಕ್ಷೆ ಬ್ಯೂಟ್ಲರ್ 1966ರಲ್ಲಿ ಕೊಟ್ಟದ್ದು. ಒಂದು ಹನಿ ರಕ್ತವನ್ನು ಗ್ಲೂಕೋಸ್-6-ಫಾಸ್ಫೇಟ್, ಎನ್‌ಎಡಿಪಿ ಮತ್ತು ಕಣವನ್ನು ಒಡೆಯುವ ಸ್ಯಾಪೋನಿನ್ ಇರುವ ದ್ರಾವಣಕ್ಕೆ ಬೆರೆಸುತ್ತಾರೆ. ಕೆಲವು ನಿಮಿಷಕ್ಕೊಮ್ಮೆ ಅದರ ಹನಿಯನ್ನು ಫಿಲ್ಟರ್ ಪೇಪರ್ ಮೇಲೆ ಇಟ್ಟು ಒಣಗಿಸುತ್ತಾರೆ. ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದಾಗ ಕಿಣ್ವ ಸರಿ ಇದ್ದರೆ ಕಲೆ ನೀಲಿಯಾಗಿ ಹೊಳೆಯುತ್ತದೆ. ಹೊಳೆಯುವುದು ಆಗಷ್ಟೇ ತಯಾರಾದ ಎನ್‌ಎಡಿಪಿಎಚ್. ಕೊರತೆ ಇದ್ದವರ ಕಲೆ ಮಂಕಾಗಿಯೇ ಉಳಿಯುತ್ತದೆ. ಇದು ಹೌದು ಅಥವಾ ಇಲ್ಲ ಅನ್ನುವ ಟೆಸ್ಟ್.

ಎಷ್ಟು ಇದೆ ಅಂತ ಬೇಕಾದರೆ ಯಂತ್ರದಲ್ಲಿ ಅಳೆದು, ಒಂದು ಗ್ರಾಂ ಹಿಮೋಗ್ಲೋಬಿನ್‌ಗೆ ಇಷ್ಟು ಯೂನಿಟ್ ಅಂತ ರಿಪೋರ್ಟ್ ಕೊಡುತ್ತಾರೆ.

ರಿಪೋರ್ಟ್ ನಾರ್ಮಲ್ ಬಂದಿದೆ. ಇನ್ನು ಚಿಂತೆ ಇಲ್ಲ ಅಲ್ವಾ?

ಯಾವ ದಿನ ರಕ್ತ ಕೊಟ್ಟಿರಿ ಅನ್ನುವುದರ ಮೇಲೆ ಹೋಗುತ್ತದೆ. ಹುಡುಗನೊಬ್ಬನಿಗೆ ಮಾತ್ರೆ ತಿಂದು ರಕ್ತ ಒಡೆದಿದೆ, ಆಸ್ಪತ್ರೆಯಲ್ಲಿ ಮಲಗಿದ್ದಾನೆ ಅಂದುಕೊಳ್ಳಿ. ಅದೇ ವಾರ ಜಿ6ಪಿಡಿ ಪರೀಕ್ಷೆ ಮಾಡಿಸುತ್ತಾರೆ. ಕಿಣ್ವ ಖಾಲಿಯಾದ ಹಳೆ ಕಣಗಳೆಲ್ಲ ಆಗಲೇ ಒಡೆದು ಹೋಗಿವೆ. ಟ್ಯೂಬಿನಲ್ಲಿ ಇರುವುದು ಬದುಕುಳಿದ ಎಳೆ ಕಣಗಳು. ಅವುಗಳಲ್ಲಿ ಕಿಣ್ವ ಚೆನ್ನಾಗೇ ಇರುತ್ತದೆ. ರಿಪೋರ್ಟ್ ನಾರ್ಮಲ್! ಎಲ್ಲರಿಗೂ ಸಮಾಧಾನ, ಫೈಲಿನಲ್ಲಿ ‘ಕೊರತೆ ಇಲ್ಲ’ ಅಂತ ಬೀಳುತ್ತದೆ. ಮುಂದಿನ ಸಲ ಅದೇ ಮಾತ್ರೆ ಧೈರ್ಯವಾಗಿ ಕೊಡುತ್ತಾರೆ.

ರಕ್ತ ಏರಿಸಿದ್ದರೂ ಅಷ್ಟೇ, ಟ್ಯೂಬಿನಲ್ಲಿ ದಾನಿಯ ಕಣಗಳ ಕಿಣ್ವ ಅಳೆದಂತಾಗುತ್ತದೆ. ಹಾಗಾಗಿ ಸಂಶಯ ಇದ್ದರೆ ಸುಮಾರು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಬೇಕು. ರಿಪೋರ್ಟ್‌ನ ಪಕ್ಕದಲ್ಲಿ ರೆಟಿಕ್ಯುಲೊಸೈಟ್ (ಎಳೆ ಕಣಗಳು) ಎಷ್ಟಿತ್ತು ಅಂತ ನೋಡಿ. ಅದು ಜಾಸ್ತಿ ಇದ್ದು ಜಿ6ಪಿಡಿ ‘ನಾರ್ಮಲ್‌ನ ಕೆಳ ಅಂಚು’ ಅಂತ ಇದ್ದರೆ ನನಗಂತೂ ನಂಬಿಕೆ ಬರುವುದಿಲ್ಲ.

ಇಲ್ಲೊಂದು ತಿದ್ದುಪಡಿ ಬೇಕು. ಈ ಕೊರತೆಯಲ್ಲೇ ಹಲವು ಬಗೆಗಳಿವೆ. ಹೊಸ ಕಣ ಗಟ್ಟಿ ಅನ್ನುವುದು ಆಫ್ರಿಕಾ ಮೂಲದ ‘ಎ ಮೈನಸ್’ ಬಗೆಗೆ ಚೆನ್ನಾಗಿ ಹೊಂದುತ್ತದೆ. ಮೆಡಿಟರೇನಿಯನ್ ಬಗೆಯಲ್ಲಿ ಕಿಣ್ವ ಎಷ್ಟು ಬೇಗ ಕೊಳೆಯುತ್ತದೆ ಅಂದರೆ ಎಳೆ ಕಣದಲ್ಲೂ ಹೆಚ್ಚು ಉಳಿದಿರುವುದಿಲ್ಲ. ಅವರಿಗೆ ಮಾತ್ರೆ ಮುಂದುವರಿಸಿದರೆ ರಕ್ತ ಒಡೆಯುವುದು ತಾನಾಗಿ ನಿಲ್ಲುತ್ತದೆ ಅಂತ ಕಾಯುವಂತಿಲ್ಲ. ಮೆಡಿಟರೇನಿಯನ್ ಬಗೆ ನಮ್ಮ ದೇಶದಲ್ಲಿ ಸಾಕಷ್ಟಿದೆ.

ಇದು ಗಂಡುಮಕ್ಕಳ ಕಾಯಿಲೆ ಅಂತಾರೆ. ಹೆಣ್ಣುಮಕ್ಕಳಿಗೆ ಬರುವುದಿಲ್ಲವಾ?

ಜೀನ್ ಎಕ್ಸ್ ಕ್ರೋಮೋಸೋಮ್ ಮೇಲಿದೆ. ಗಂಡಿಗೆ ಇರುವುದು ಒಂದೇ ಎಕ್ಸ್, ಅದು ಕೆಟ್ಟರೆ ಕೊರತೆ. ಹೆಣ್ಣಿಗೆ ಎರಡು. ಆದರೆ ಪ್ರತಿ ಜೀವಕೋಶದಲ್ಲೂ ಎರಡರಲ್ಲಿ ಒಂದು ಎಕ್ಸ್ ಮಾತ್ರ ಕೆಲಸ ಮಾಡುತ್ತದೆ, ಇನ್ನೊಂದು ಮುಚ್ಚಿಕೊಂಡಿರುತ್ತದೆ. ಯಾವುದು ಮುಚ್ಚುತ್ತದೆ ಅನ್ನುವುದು ಅದೃಷ್ಟ. ಹಾಗಾಗಿ ಒಂದು ಕೆಟ್ಟ ಜೀನ್ ಇರುವ ಹೆಣ್ಣಿನ ರಕ್ತದಲ್ಲಿ ಎರಡು ಬಗೆಯ ಕಣಗಳು ಒಟ್ಟಿಗೆ ಹರಿಯುತ್ತವೆ: ಕೆಲವು ಪೂರ್ತಿ ಸರಿ, ಕೆಲವು ಪೂರ್ತಿ ಕೊರತೆ. ಬ್ಯೂಟ್ಲರ್ ಇದನ್ನು 1962ರಲ್ಲಿ ತೋರಿಸಿದರು. ಒಬ್ಬ ತಂಗಿಯಲ್ಲಿ ಶೇ 80 ಸರಿ ಇರಬಹುದು, ಅವಳ ಅಕ್ಕನಲ್ಲಿ ಶೇ 20 ಮಾತ್ರ. ಎರಡನೆಯವರಿಗೆ ಮಾತ್ರೆಯಿಂದ ಗಂಡಿನಷ್ಟೇ ತೊಂದರೆ ಆದೀತು. ಹೊಳೆಯುವ ಕಲೆಯ ಟೆಸ್ಟ್ ಇಂಥ ಮಧ್ಯದವರನ್ನು ಎಷ್ಟೋ ಸಲ ಬಿಟ್ಟುಬಿಡುತ್ತದೆ, ಸರಿ ಇರುವ ಕಣಗಳೇ ಕಲೆಯನ್ನು ಹೊಳೆಸುತ್ತವೆ. ಹೆಣ್ಣುಮಕ್ಕಳಿಗೆ ಅಳತೆಯ ಟೆಸ್ಟ್ ಒಳ್ಳೆಯದು.

ಸೋದರಮಾವನ ಜೊತೆ ಮದುವೆಯಾದರೆ?

ನಮ್ಮಲ್ಲಿ ಇನ್ನೂ ನಡೆಯುವ ಮದುವೆ, ಹಾಗಾಗಿ ಲೆಕ್ಕ ಹಾಕೋಣ. ಮಾವನಿಗೆ ಕೊರತೆ ಇದ್ದರೆ ಅದು ಅವನ ತಾಯಿಯಿಂದ ಬಂದದ್ದು. ಅದೇ ತಾಯಿಯ ಮಗಳು, ಅಂದರೆ ಹುಡುಗಿಯ ಅಮ್ಮ, ಅದೇ ಜೀನ್ ಹೊತ್ತಿರುವ ಸಾಧ್ಯತೆ ಅರ್ಧ. ಅಲ್ಲಿಂದ ಹುಡುಗಿಗೆ ಬಂದಿರುವ ಸಾಧ್ಯತೆ ಕಾಲು. ಹುಡುಗಿಗೂ ಬಂದಿದ್ದರೆ, ಇವರಿಬ್ಬರಿಗೆ ಹುಟ್ಟುವ ಪ್ರತಿ ಹೆಣ್ಣುಮಗುವಿಗೆ ಅಪ್ಪನಿಂದ ಒಂದು ಕೆಟ್ಟ ಜೀನ್ ಖಚಿತ, ಅಮ್ಮನಿಂದ ಇನ್ನೊಂದು ಬರುವ ಸಾಧ್ಯತೆ ಅರ್ಧ. ಎರಡೂ ಸೇರಿದರೆ ಅವಳಿಗೆ ಪೂರ್ತಿ ಕೊರತೆ.

ಹುಟ್ಟಿದ ಮಗುವಿಗೆ ಕಾಮಾಲೆ ಬಂದರೆ ಇದೇ ಕಾರಣವಾ?

ಬಹಳ ಶಿಶುಗಳಿಗೆ ಸ್ವಲ್ಪ ಕಾಮಾಲೆ ಮಾಮೂಲು. ಜಿ6ಪಿಡಿ ಕೊರತೆ ಇದ್ದರೆ ಅದು ಜೋರಾಗುವ ಅಪಾಯ ಜಾಸ್ತಿ, ಮತ್ತು ಸಾಮಾನ್ಯವಾಗಿ ಎರಡು ಮೂರನೇ ದಿನಕ್ಕೆ ಏರಲು ಶುರುವಾಗುತ್ತದೆ. ಅಷ್ಟರಲ್ಲಿ ಎಷ್ಟೋ ತಾಯಂದಿರನ್ನು ಮನೆಗೆ ಕಳಿಸಿಯಾಗಿರುತ್ತದೆ. ಕಾಮಾಲೆಯ ಹಳದಿ ಪದಾರ್ಥವಾದ ಬಿಲಿರುಬಿನ್ ಮಿತಿ ಮೀರಿದರೆ ಮಿದುಳಿಗೆ ಇಳಿಯುತ್ತದೆ. ಕಿವಿ ಕೇಳಿಸದಂತೆ, ಕೈಕಾಲು ಹಿಡಿತಕ್ಕೆ ಸಿಗದಂತೆ ಮಾಡುತ್ತದೆ, ಆಮೇಲೆ ಸರಿಪಡಿಸಲು ಆಗುವುದಿಲ್ಲ. ಸಿಂಗಪುರ 1960ರ ದಶಕದಲ್ಲೇ ಎಲ್ಲ ಶಿಶುಗಳ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷೆ ಶುರುಮಾಡಿದ್ದು ಇದಕ್ಕೇ. ಮಗುವಿನ ಹಳದಿ ಹೊಟ್ಟೆ, ಕಾಲಿನವರೆಗೂ ಇಳಿದಿದ್ದರೆ, ಹಾಲು ಕುಡಿಯದೆ ಮಂಕಾಗಿದ್ದರೆ ಬೆಳಗಿನ ಬಿಸಿಲಿಗೆ ಹಿಡಿದು ಕೂರಬೇಡಿ. ಆಸ್ಪತ್ರೆಯ ನೀಲಿ ಬೆಳಕು ಬೇಕು.

ಭಾರತದಲ್ಲಿ ಯಾವ ಬಗೆಗಳಿವೆ?

ಮುಖ್ಯವಾಗಿ ಮೂರು: ಮೆಡಿಟರೇನಿಯನ್, ಕೇರಳ-ಕಲ್ಯಾಣ್, ಒರಿಸ್ಸಾ. ಮೊದಲನೆಯದು ಪಾರ್ಸಿಗಳೂ ಸೇರಿ ಹಲವು ಸಮುದಾಯಗಳಲ್ಲಿದೆ, ಕೊನೆಯದು ಬುಡಕಟ್ಟು ಜನರಲ್ಲಿ ಹೆಚ್ಚು. ಮಧ್ಯದ್ದಕ್ಕೆ ಜೋಡಿ ಹೆಸರು ಬಂದದ್ದು ಹೀಗೆ: ಕೇರಳದಲ್ಲಿ ಒಂದು, ಮಹಾರಾಷ್ಟ್ರದ ಕಲ್ಯಾಣ್‌ನಲ್ಲಿ ಒಂದು ಅಂತ ಬೇರೆ ಬೇರೆ ಹೆಸರಿಟ್ಟಿದ್ದರು. ಜೀನ್ ಓದುವ ಕಾಲ ಬಂದಾಗ ಎರಡೂ ಒಂದೇ ಅಂತ ಗೊತ್ತಾಯಿತು. 1986ರಲ್ಲಿ ಈ ಜೀನ್‌ನ ಅಕ್ಷರಗಳನ್ನು ಓದಿದ ಮೇಲೆ ಜಗತ್ತಿನಲ್ಲೆಲ್ಲ ಇಂಥ ಎಷ್ಟೋ ಹೆಸರುಗಳು ಒಂದಾದವು.

ಇಷ್ಟು ಕೆಟ್ಟ ಜೀನ್ ಇಷ್ಟು ಜನರಲ್ಲಿ ಯಾಕೆ ಉಳಿಯಿತು?

ಮಲೇರಿಯಾ. ಈ ಕೊರತೆ ಜಾಸ್ತಿ ಇರುವ ನಾಡುಗಳ ನಕ್ಷೆಯನ್ನೂ ಮಲೇರಿಯಾ ಕಾಡಿದ ನಾಡುಗಳ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟರೆ ಬಹುಮಟ್ಟಿಗೆ ಕೂಡಿಬರುತ್ತವೆ. ನೈಜೀರಿಯಾದ ಇಬಾದಾನ್‌ನಲ್ಲಿ ಲೂಚಿಯೊ ಲುಝ್ಝಾಟೊ ತಂಡ 1969ರಲ್ಲಿ ಪ್ರಕಟಿಸಿದ ಕೆಲಸ ಇನ್ನೂ ಹತ್ತಿರದ್ದು. ಎರಡು ಬಗೆಯ ಕಣ ಇರುವ ಹುಡುಗಿಯರಿಗೆ ಮಲೇರಿಯಾ ಬಂದಾಗ, ಪರಾವಲಂಬಿ ಹೆಚ್ಚಾಗಿ ಸರಿ ಇರುವ ಕಣಗಳಲ್ಲೇ ಇತ್ತು. ಒಂದೇ ಮೈ, ಒಂದೇ ಸೋಂಕು, ಎರಡು ಬಗೆ ಕಣ. ಇದಕ್ಕಿಂತ ಚೊಕ್ಕ ಹೋಲಿಕೆ ಬೇಕಾ?

ಹಾಗಂತ ಕೊರತೆ ಇದ್ದವರಿಗೆ ಮಲೇರಿಯಾ ಬರುವುದಿಲ್ಲ ಅಂದುಕೊಳ್ಳಬೇಡಿ. ಬರುತ್ತದೆ.

ಪೈರುವೇಟ್ ಕೈನೇಸ್ ಕೊರತೆ ಇದಕ್ಕಿಂತ ಹೇಗೆ ಬೇರೆ?

ಜಿ6ಪಿಡಿ ರಕ್ಷಣೆಯ ದಾರಿಯಲ್ಲಿದೆ, ಪೈರುವೇಟ್ ಕೈನೇಸ್ ಶಕ್ತಿಯ ದಾರಿಯಲ್ಲಿ. ಇದು ಕಡಿಮೆಯಾದರೆ ಕಣಕ್ಕೆ ದಿನವೂ ಶಕ್ತಿಯ ಬರ. ಕೆಣಕುವುದೇ ಬೇಕಿಲ್ಲ, ಹುಟ್ಟಿನಿಂದಲೇ ರಕ್ತ ಒಡೆಯುತ್ತಿರುತ್ತದೆ. 1961ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ವ್ಯಾಲೆಂಟೈನ್ ಮತ್ತು ಅವರ ಜೊತೆಗಾರರು ಇದನ್ನು ಗುರುತಿಸಿದರು. ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಕಾಯಿಲೆ. ಹಾಗಾಗಿ ಒಳಗೊಳಗೇ ಮದುವೆಯಾಗುವ ಕಡೆ ಜಾಸ್ತಿ. ಪೆನ್ಸಿಲ್ವೇನಿಯಾದ ಆಮಿಷ್ ಜನರಲ್ಲಿ ಇದು ಕಂಡದ್ದು ಹೆಸರುವಾಸಿ.

ಇದರಲ್ಲಿ ಡಾಕ್ಟರುಗಳನ್ನೇ ಬೆರಗಾಗಿಸುವ ಒಂದು ಸಂಗತಿ ಇದೆ. ಹಿಮೋಗ್ಲೋಬಿನ್ 8 ಇದ್ದರೂ ಕೆಲವರು ನಡೆದಾಡಿಕೊಂಡು, ಕೆಲಸ ಮಾಡಿಕೊಂಡು ಇರುತ್ತಾರೆ. ಕಿಣ್ವದ ದಾರಿ ಕೆಳಗೆ ಕಟ್ಟಿಕೊಂಡಾಗ ಮೇಲೆ 2,3-ಬಿಪಿಜಿ ಎಂಬ ಪದಾರ್ಥ ಶೇಖರವಾಗುತ್ತದೆ. ಅದು ಹಿಮೋಗ್ಲೋಬಿನ್ ಹಿಡಿದ ಆಕ್ಸಿಜನ್ ಅನ್ನು ಅಂಗಾಂಶಕ್ಕೆ ಸುಲಭವಾಗಿ ಬಿಟ್ಟುಕೊಡುವಂತೆ ಮಾಡುತ್ತದೆ. ಹಾಗಾಗಿ ಬರೀ ನಂಬರ್ ನೋಡಿ ರಕ್ತ ಏರಿಸುವುದಲ್ಲ, ಮನುಷ್ಯ ಹೇಗಿದ್ದಾನೆ ನೋಡಬೇಕು.

ಗುಲ್ಮ (ಸ್ಪ್ಲೀನ್) ತೆಗೆದರೆ ಹಲವರಿಗೆ ಹಿಮೋಗ್ಲೋಬಿನ್ 1ರಿಂದ 3 ಗ್ರಾಂ ಏರುತ್ತದೆ. ಒಮ್ಮೆಯೂ ರಕ್ತ ಏರಿಸದವರಲ್ಲೂ ಕಬ್ಬಿಣ ಲಿವರ್‌ನಲ್ಲಿ ಕೂತುಕೊಳ್ಳಬಹುದು, ಅದರ ಮೇಲೆ ಕಣ್ಣಿಡಬೇಕು. 2022ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಮಿಟಾಪಿವ್ಯಾಟ್ ಎಂಬ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಕೆಟ್ಟ ಕಿಣ್ವಕ್ಕೇ ಅಂಟಿಕೊಂಡು ಅದನ್ನು ಚುರುಕು ಮಾಡುವ ಮಾತ್ರೆ. ಪ್ರಯೋಗದಲ್ಲಿ ಅದನ್ನು ತೆಗೆದುಕೊಂಡ 40 ಜನರಲ್ಲಿ 16 ಮಂದಿಗೆ ಹಿಮೋಗ್ಲೋಬಿನ್ 1.5 ಗ್ರಾಂನಷ್ಟು ಏರಿ ನಿಂತಿತು. ಔಷಧಿಯೇ ಇಲ್ಲದ ಹುಸಿ ಮಾತ್ರೆ ತಿಂದ 40 ಮಂದಿಯಲ್ಲಿ ಒಬ್ಬರಿಗೂ ಇಲ್ಲ. ಕಿಣ್ವವೇ ತಯಾರಾಗದಂಥ ಜೀನ್ ದೋಷ ಎರಡೂ ಕಡೆಯಿಂದ ಬಂದವರಿಗೆ ಇದು ಕೆಲಸ ಮಾಡುವುದಿಲ್ಲ. ಚುರುಕು ಮಾಡಲು ಏನಾದರೂ ಇರಬೇಕಲ್ಲ.

ಬೇರೆ ಕಿಣ್ವಗಳೂ ಕೆಡುತ್ತವಾ?

ಒಂದು ಡಜನ್‌ಗೂ ಹೆಚ್ಚು, ಎಲ್ಲ ಅಪರೂಪ. ಎರಡನ್ನು ಹೇಳಿ ಮುಂದೆ ಹೋಗುತ್ತೇನೆ.

ಸೈಟೋಕ್ರೋಮ್ ಬಿ5 ರಿಡಕ್ಟೇಸ್ ಇಲ್ಲದವರ ಹಿಮೋಗ್ಲೋಬಿನ್ ಆಕ್ಸಿಜನ್ ಹೊರದ ರೂಪಕ್ಕೆ ತಿರುಗಿ ಚರ್ಮ ನೀಲಿಯಾಗುತ್ತದೆ. ಅಮೆರಿಕದ ಕೆಂಟಕಿಯ ಬೆಟ್ಟಗಳಲ್ಲಿ ತಲೆಮಾರುಗಟ್ಟಲೆ ನೀಲಿ ಬಣ್ಣದ ಕುಟುಂಬವೇ ಇತ್ತು. 1960ರ ದಶಕದಲ್ಲಿ ಡಾ. ಮ್ಯಾಡಿಸನ್ ಕಾವೈನ್ ಆ ಕುಟುಂಬದವರಿಗೆ ಮೆಥಿಲೀನ್ ಬ್ಲೂ ಚುಚ್ಚಿದರು. ಕಡುನೀಲಿ ಔಷಧಿ, ನಿಮಿಷಗಳಲ್ಲಿ ಚರ್ಮ ಗುಲಾಬಿ ಬಣ್ಣಕ್ಕೆ ಬಂತು! ಆದರೆ ಆ ಔಷಧಿ ಕೆಲಸ ಮಾಡಲು ಬೇಕಾದದ್ದು ಎನ್‌ಎಡಿಪಿಎಚ್, ಅದು ಬರುವುದು ಜಿ6ಪಿಡಿಯಿಂದ. ಜಿ6ಪಿಡಿ ಕೊರತೆ ಇದ್ದವರಿಗೆ ಅದೇ ಔಷಧಿ ಗುಣವನ್ನೂ ಕೊಡದೆ ರಕ್ತವನ್ನೂ ಒಡೆಯುತ್ತದೆ.

ಇನ್ನೊಂದು ಪಿರಿಮಿಡಿನ್ 5 ನ್ಯೂಕ್ಲಿಯೋಟಿಡೇಸ್. ಹುಟ್ಟಿನಿಂದ ಕೆಟ್ಟಿರಬಹುದು, ಇಲ್ಲವೇ ಸೀಸದ ವಿಷದಿಂದ ಕೆಡಬಹುದು. ಎರಡರಲ್ಲೂ ಮೈಕ್ರೋಸ್ಕೋಪಿನಡಿ ಕೆಂಪು ಕಣಗಳಲ್ಲಿ ನೀಲಿ ಚುಕ್ಕಿಗಳು ಕಾಣುತ್ತವೆ. ಬ್ಯಾಟರಿ ಒಡೆಯುವ ಕೆಲಸದವರಲ್ಲಿ ಇಂಥ ಚುಕ್ಕಿ ಕಂಡರೆ ವಂಶದ ಕಥೆ ಕೇಳುವ ಮುಂಚೆ ಸೀಸ ಅಳೆಸಿ.

ಕಬ್ಬಿಣದ ಮಾತ್ರೆ, ಬೀಟ್‌ರೂಟ್, ಖರ್ಜೂರ ತಿಂದರೆ ಸರಿಹೋಗುತ್ತದಾ?

ಇಲ್ಲ. ಇಲ್ಲಿ ಕಬ್ಬಿಣದ ಕೊರತೆ ಇಲ್ಲ, ಕಣ ಬೇಗ ಒಡೆಯುತ್ತಿದೆ. ಕಬ್ಬಿಣದ ಮಟ್ಟ ಅಳೆಯದೆ ಸುಮ್ನೆ ಮಾತ್ರೆ ನುಂಗಿದರೆ, ಪೈರುವೇಟ್ ಕೈನೇಸ್ ಕೊರತೆಯಂಥದ್ದರಲ್ಲಿ ಹಾನಿಯೇ ಜಾಸ್ತಿ. ಸದಾ ರಕ್ತ ಒಡೆಯುವವರಿಗೆ ಡಾಕ್ಟರ್ ಫೋಲಿಕ್ ಆಸಿಡ್ ಕೊಡುತ್ತಾರೆ. ಅದು ಬೇರೆ.

ನನಗೆ ಸಕ್ಕರೆ ಕಾಯಿಲೆಯೂ ಇದೆ. ಏನಾದರೂ ಸಂಬಂಧ ಇದೆಯಾ?

ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಟೆಸ್ಟ್ ಇದೆಯಲ್ಲ, ಅದು ಕೆಂಪು ಕಣ ನಾಲ್ಕು ತಿಂಗಳು ಬದುಕುತ್ತದೆ ಅಂತ ನಂಬಿಕೊಂಡಿದೆ. ಕಣ ಬೇಗ ಹೋದರೆ ಸಕ್ಕರೆ ಅಂಟಿಕೊಳ್ಳಲು ಸಮಯ ಸಿಗುವುದಿಲ್ಲ, ನಂಬರ್ ಸುಳ್ಳಾಗಿ ಕಡಿಮೆ ಬರುತ್ತದೆ. 2017ರಲ್ಲಿ ಸುಮಾರು 1,60,000 ಜನರನ್ನು ನೋಡಿದ ಅಧ್ಯಯನದಲ್ಲಿ, ಆಫ್ರಿಕಾ ಮೂಲದ ಜಿ6ಪಿಡಿ ಬಗೆ ಇರುವ ಗಂಡಸರಲ್ಲಿ ಇದು ಸರಾಸರಿ 0.8ರಷ್ಟು ಕೆಳಗೆ ತೋರಿಸುತ್ತಿತ್ತು. ಗ್ಲುಕೋಮೀಟರ್ 200 ತೋರಿಸುತ್ತಿದ್ದು ಎಚ್‌ಬಿಎ1ಸಿ ಚೆನ್ನಾಗಿದ್ದರೆ ಖುಷಿಪಡುವ ಮುನ್ನ ಇದನ್ನು ಡಾಕ್ಟರಿಗೆ ಹೇಳಿ.

ನನಗೆ ಕೊರತೆ ಇದೆ ಅಂತ ಗೊತ್ತಾಯಿತು. ಮನೆಯಲ್ಲಿ ಇನ್ನು ಯಾರಿಗೆ ಟೆಸ್ಟ್ ಮಾಡಿಸಬೇಕು?

ನೀವು ಗಂಡಸಾದರೆ ಜೀನ್ ಬಂದದ್ದು ಅಮ್ಮನಿಂದ. ಹಾಗಾಗಿ ಅಮ್ಮ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಸೋದರಮಾವಂದಿರು, ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳು. ನಿಮ್ಮ ಗಂಡುಮಕ್ಕಳಿಗೆ ನಿಮ್ಮಿಂದ ಬರುವುದಿಲ್ಲ, ಅವರಿಗೆ ನೀವು ಕೊಟ್ಟದ್ದು ವೈ. ಹೆಣ್ಣುಮಕ್ಕಳಿಗೆ ಎಲ್ಲರಿಗೂ ಬಂದಿರುತ್ತದೆ, ಅವರ ಗಂಡುಮಕ್ಕಳಲ್ಲಿ ಅರ್ಧ ಜನರಿಗೆ ಬರಬಹುದು. ಮಗಳು ಗರ್ಭಿಣಿಯಾದಾಗ ಹೆರಿಗೆ ಡಾಕ್ಟರಿಗೆ ಈ ವಿಷಯ ಗೊತ್ತಿರಲಿ, ಮಗುವಿನ ಬಿಲಿರುಬಿನ್ ಅನ್ನು ಮನೆಗೆ ಕಳಿಸುವ ಮುಂಚೆ ನೋಡಬಹುದು.

ನಿಮ್ಮದೇ ಪರ್ಸಿನಲ್ಲಿ ಒಂದು ಚೀಟಿ ಇರಲಿ. ಜಿ6ಪಿಡಿ ಕೊರತೆ, ಅಳತೆ ಎಷ್ಟು, ಟೆಸ್ಟ್ ಮಾಡಿಸಿದ ದಿನ, ಅವತ್ತು ಹುಷಾರಾಗಿ ಇದ್ದಿರಾ ಇಲ್ಲವಾ. ಕೊನೆಯದನ್ನು ಯಾರೂ ಬರೆದುಕೊಳ್ಳುವುದಿಲ್ಲ. ಅದೇ ಮುಖ್ಯ.